ಓಲೆಗಳಲ್ಲೇ ಒಂದು ಮಾಯಾ ಕಾದಂಬರಿ: ಇಬ್ಬರು ದೂರ ಕೂತು ಬರೆಯುವುದು ಹೇಗೆ

ಪತ್ರಗಳಲ್ಲೇ ಕಥೆ ಹೇಳುವ ಕಾದಂಬರಿ ಓದುವಾಗ ಒಂದು ಮಜಾ ಇದೆ. ಬೇರೆ ಮನೆಯ ಕಾಗದ ಕದ್ದು ಓದಿದ ಹಾಗೆ. ಅದಕ್ಕೆ ಹಳೇ ಕಾಲ ಸೇರಿ, ಒಂಚೂರು ಮಾಯೆ ಮಂತ್ರವೂ ಸೇರಿದರೆ ಕೆಳಗಿಡೋಕೆ ಮನಸ್ಸು ಬರೋದಿಲ್ಲ. ಆದರೆ ಅದನ್ನೇ ನಾವು ಬರೆಯೋಣ ಅಂತ ಕೂತರೆ ನಾಲ್ಕನೇ ಪತ್ರಕ್ಕೇ ಸುಸ್ತು. ನಾನು ಮತ್ತು ನನ್ನ ಗೆಳತಿ ಎರಡು ಸಲ ಶುರು ಮಾಡಿ ಎರಡು ಸಲವೂ ಕೈಬಿಟ್ಟೆವು, ಮೂರನೇ ಸಲಕ್ಕೆ ಒಂದು ದಾರಿ ಸಿಕ್ಕಿತು. ಆ ದಾರಿಯನ್ನು ಹಂತ ಹಂತವಾಗಿ ಇಲ್ಲಿ ಬರೆದಿದ್ದೇನೆ. ಉದಾಹರಣೆಗೆ ನಾವು ಆರಿಸಿಕೊಂಡ ಕಾಲವನ್ನೇ ಇಟ್ಟುಕೊಂಡಿದ್ದೇನೆ. ನಿಮ್ಮ ಕಾಲ ಬೇರೆ ಇರಬಹುದು, ಕೆಲಸ ಮಾತ್ರ ಇದೇ.

1. ಜೊತೆಗಾರರನ್ನು ಹುಡುಕಿ, ಆಮೇಲೆ ಕಥೆ ಬಗ್ಗೆ ಮಾತಾಡಬೇಡಿ

1988ರಲ್ಲಿ ಇಂಗ್ಲಿಷಿನಲ್ಲಿ ‘ಸಾರ್ಸರಿ ಅಂಡ್ ಸಿಸೀಲಿಯಾ’ ಅನ್ನೋ ಕಾದಂಬರಿ ಬಂತು. 1817ರ ಇಂಗ್ಲೆಂಡ್, ಅಲ್ಲಿ ಮಂತ್ರವಿದ್ಯೆ ಮಾಮೂಲಿ ವಿಷಯ. ಒಬ್ಬಳು ಲಂಡನ್‌ನಲ್ಲಿ, ಅವಳ ಕಸಿನ್ ಹಳ್ಳಿಯಲ್ಲಿ, ಇಬ್ಬರ ನಡುವಿನ ಪತ್ರಗಳೇ ಪುಸ್ತಕ. ಅದನ್ನು ಬರೆದವರು ಅಮೆರಿಕದ ಇಬ್ಬರು ಲೇಖಕಿಯರು. ಪುಸ್ತಕ ಮಾಡಬೇಕು ಅಂತ ಅವರು ಶುರು ಮಾಡಿದ್ದಲ್ಲ, ಅದು ಸುಮ್ನೆ ಒಂದು ಆಟವಾಗಿತ್ತು. ಒಬ್ಬರು ಒಂದು ಪಾತ್ರವಾಗಿ ಪತ್ರ ಬರೆಯಬೇಕು, ಇನ್ನೊಬ್ಬರು ಇನ್ನೊಂದು ಪಾತ್ರವಾಗಿ ಉತ್ತರ ಕೊಡಬೇಕು. ಮುಂದೆ ಏನಾಗುತ್ತದೆ ಅಂತ ಪತ್ರದ ಹೊರಗೆ ಬಾಯಿ ಬಿಡುವ ಹಾಗಿಲ್ಲ.

ಈ ಕೊನೆಯ ನಿಯಮವನ್ನು ದಯವಿಟ್ಟು ಮುರಿಯಬೇಡಿ. ಮೊದಲ ಸಲ ನಾವು ಸೋತಿದ್ದು ಇಲ್ಲೇ. ಪತ್ರ ಬರೆದ ತಕ್ಷಣ ಫೋನ್ ಮಾಡಿ, ‘ಆ ಪೆಟ್ಟಿಗೆಯಲ್ಲಿ ಏನಿದೆ ಗೊತ್ತಾ’ ಅಂತ ನಾನೇ ಹೇಳಿಬಿಡುತ್ತಿದ್ದೆ. ಅವಳಿಗೆ ಆಮೇಲೆ ಉತ್ತರ ಬರೆಯುವ ಆಸೆಯೇ ಇರುತ್ತಿರಲಿಲ್ಲ. ಈಗ ನಮ್ಮಲ್ಲಿ ಒಂದೇ ಒಪ್ಪಂದ: ಪತ್ರದಲ್ಲಿ ಒಬ್ಬರು ಬರೆದದ್ದು ನಡೆದಿದೆ, ಅದನ್ನು ಇನ್ನೊಬ್ಬರು ಸುಳ್ಳು ಮಾಡುವ ಹಾಗಿಲ್ಲ. ಆದರೆ ಪಾತ್ರ ಸುಳ್ಳು ಹೇಳಿರಬಹುದು, ತಪ್ಪು ತಿಳಿದಿರಬಹುದು. ಆ ಸಂದು ಸಾಕು.

ಒಬ್ಬರೇ ಬರೆಯುವವರಾದರೆ ಎರಡು ಬೇರೆ ನೋಟ್‌ಬುಕ್ ಇಟ್ಟುಕೊಳ್ಳಿ, ಒಂದು ಪತ್ರಕ್ಕೂ ಉತ್ತರಕ್ಕೂ ನಡುವೆ ಎರಡು ದಿನವಾದರೂ ಬಿಡಿ. ಅದೇ ದಿನ ಉತ್ತರ ಬರೆದರೆ ಎರಡೂ ಪಾತ್ರ ಒಂದೇ ಗಂಟಲಲ್ಲಿ ಮಾತಾಡುತ್ತವೆ.

2. ಒಂದು ವರ್ಷ, ಎರಡು ಊರು

‘ಹಳೇ ಮೈಸೂರು ಕಾಲ’ ಅಂದರೆ ಆಗಲ್ಲ. ಒಂದು ವರ್ಷ ಹಿಡಿಯಿರಿ. ನಾವು ಹಿಡಿದದ್ದು 1800. ಯಾಕೆ ಅಂದರೆ ಆ ವರ್ಷ ಎಲ್ಲವೂ ಅರ್ಧಂಬರ್ಧ. 1799ರ ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಜೂನ್ 30ಕ್ಕೆ ಇನ್ನೂ ಐದು ತುಂಬದ ಹುಡುಗ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು. ರಾಜ್ಯ ನಡೆಸಿದ್ದು ದಿವಾನ್ ಪೂರ್ಣಯ್ಯ, ಅವರು ಟಿಪ್ಪುವಿನ ಕೈಕೆಳಗೂ ಇದ್ದವರೇ. ರಾಜಧಾನಿ ಮತ್ತೆ ಮೈಸೂರಿಗೆ ಬಂತು. ನಜರ್‌ಬಾದ್ ಅಂತ ಟಿಪ್ಪು ಕಟ್ಟಿಸಲು ಹೊರಟಿದ್ದ ಕೋಟೆಯ ಕಲ್ಲನ್ನೇ ಎತ್ತಿ ತಂದು ಮೈಸೂರು ಕೋಟೆ ಮತ್ತೆ ಕಟ್ಟುತ್ತಿದ್ದರು. ಕಲ್ಲಿಗೆ ನೆನಪಿದ್ದರೆ ಏನೇನು ಹೇಳುತ್ತಿತ್ತೋ! ಮಾಯಾ ಕಥೆಗೆ ಇದಕ್ಕಿಂತ ಒಳ್ಳೇ ಜಾಗ ಬೇಕಾ?

ಎರಡನೇ ಊರು ದೂರ ಇರಬೇಕು, ಹವೆ ಬೇರೆ ಇರಬೇಕು, ಸುದ್ದಿಯೂ ಬೇರೆ ಇರಬೇಕು. ನಾವು ಮಲೆನಾಡಿನ ‘ನಗರ’ ಅನ್ನೋ ಊರು ಆರಿಸಿದೆವು, ಈಗ ಹೊಸನಗರದ ಹತ್ತಿರ ಇರೋದು. ಅದರ ಹಳೇ ಹೆಸರು ಬಿದನೂರು. 1763ರಲ್ಲಿ ಹೈದರ್ ಗೆದ್ದ ಮೇಲೆ ಹೈದರ್‌ನಗರ ಆಯಿತು. ಪತ್ರದಲ್ಲಿ ಯಾರು ‘ಬಿದನೂರು’ ಅನ್ನುತ್ತಾರೆ, ಯಾರು ‘ನಗರ’ ಅನ್ನುತ್ತಾರೆ ಅನ್ನೋದರಲ್ಲೇ ಅವರ ವಯಸ್ಸು, ಒಲವು ಎರಡೂ ಗೊತ್ತಾಗಿಬಿಡುತ್ತದೆ. ಬೇರೆ ವಿವರಣೆ ಬೇಕಿಲ್ಲ.

ಆ ಕಡೆ ಗಲಾಟೆಯೂ ಇತ್ತು. ಶ್ರೀರಂಗಪಟ್ಟಣದ ಸೆರೆಯಿಂದ ಹೊರಬಿದ್ದ ದೊಂಡಿಯಾ ವಾಘ್ 1799ರಲ್ಲಿ ಬಿದನೂರು ಸೀಮೆಯಲ್ಲೇ ದಂಡು ಕಟ್ಟಿದ್ದ, ಬ್ರಿಟಿಷರು ಅಟ್ಟಿದ ಮೇಲೆ ಉತ್ತರಕ್ಕೆ ಓಡಿ, ಮತ್ತೆ ತಲೆಯೆತ್ತಿ, 1800ರ ಸೆಪ್ಟೆಂಬರ್ 10ರಂದು ಯುದ್ಧದಲ್ಲಿ ಸತ್ತ. ಅಂದರೆ ನಮ್ಮ ಪತ್ರಗಳು ಓಡಾಡುವ ಹೊತ್ತಿಗೆ ದಾರಿಯಲ್ಲಿ ಯಾರು ಸಿಗುತ್ತಾರೋ ಹೇಳೋಕಾಗಲ್ಲ.

3. ಪತ್ರ ಹೇಗೆ ಹೋಗುತ್ತದೆ? ಇದು ಗೊತ್ತಾಗದೆ ಒಂದು ಸಾಲೂ ಬರೆಯಬೇಡಿ

ಇಡೀ ಕೆಲಸದಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು. ಪತ್ರದ ಕಾದಂಬರಿಗೆ ಅಂಚೆಯೇ ಬೆನ್ನೆಲುಬು.

ಇಂಗ್ಲೆಂಡಿನದು ನೋಡಿ. 1817ರಲ್ಲಿ ಅಲ್ಲಿ ಪತ್ರಕ್ಕೆ ದುಡ್ಡು ಕೊಡುತ್ತಿದ್ದದ್ದು ಸಾಮಾನ್ಯವಾಗಿ ಬರೆದವರಲ್ಲ, ಪಡೆದವರು. ದರ ದೂರದ ಮೇಲೆ, ಹಾಳೆಗಳ ಲೆಕ್ಕದ ಮೇಲೆ. ಇನ್ನೊಂದು ಹಾಳೆ ಸೇರಿಸಿದರೆ ದುಪ್ಪಟ್ಟು. ಹಾಗಾಗಿ ಲಕೋಟೆ ಹಾಕುತ್ತಿರಲಿಲ್ಲ, ಅದೂ ಒಂದು ಹಾಳೆ ಆಗುತ್ತಲ್ವಾ. ಹಾಳೆಯನ್ನೇ ಮಡಿಸಿ ಅರಗಿನ ಮುದ್ರೆ ಒತ್ತುತ್ತಿದ್ದರು. ಜಾಗ ಸಾಲದಿದ್ದರೆ ಹಾಳೆಯನ್ನು ಅಡ್ಡ ತಿರುಗಿಸಿ, ಬರೆದ ಸಾಲುಗಳ ಮೇಲೇ ಇನ್ನೊಂದು ಸಲ ಬರೆಯುತ್ತಿದ್ದರು. ಪಾರ್ಲಿಮೆಂಟ್ ಸದಸ್ಯರ ಸಹಿ ಇದ್ದರೆ ಪುಕ್ಕಟೆ. 1840ರಲ್ಲಿ ಒಂದು ಪೆನ್ನಿಯ ಅಂಚೆಚೀಟಿ ಬಂದ ಮೇಲೆ ಇದೆಲ್ಲ ಬದಲಾಯಿತು. ಈಗ ಯೋಚನೆ ಮಾಡಿ: ಒಬ್ಬಳು ಬಡ ಚಿಕ್ಕಮ್ಮನಿಗೆ ಉದ್ದುದ್ದ ಪತ್ರ ಬರೆದರೆ ಅದು ಪ್ರೀತಿಯೋ ಹಿಂಸೆಯೋ? ಒಂದು ದೃಶ್ಯ ಸಿಕ್ಕಿತು ನಿಮಗೆ, ಅಂಚೆ ದರದಿಂದಲೇ.

ನಮ್ಮ ಕಡೆ ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಿಂದ, ಅಂದರೆ 17ನೇ ಶತಮಾನದ ಕೊನೆಯಿಂದ, ಅಂಚೆ ಇತ್ತು. 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆ ಜೊತೆ ಸೇರುವವರೆಗೂ ಮೈಸೂರಿನದೇ ಬೇರೆ ಅಂಚೆ. ಆದರೆ ಶುರುವಿನಲ್ಲಿ ಅದು ಮುಖ್ಯವಾಗಿ ಸರ್ಕಾರದ ಕೆಲಸಕ್ಕೆ, ಜೊತೆಗೆ ಅಂಚೆಯವರು ಊರೂರಿನ ಗುಟ್ಟು ಅರಸನಿಗೆ ಮುಟ್ಟಿಸುವವರೂ ಆಗಿದ್ದರು. ಕಾದಂಬರಿಕಾರರಿಗೆ ಇದು ಬಂಗಾರ. ಪತ್ರ ತರುವವನೇ ಓದುವವನು ಅಂದ ಮೇಲೆ ನಿಮ್ಮ ಪಾತ್ರ ನೇರವಾಗಿ ಏನನ್ನೂ ಬರೆಯೋದಿಲ್ಲ. ಮುಚ್ಚಿಟ್ಟು ಬರೆಯುತ್ತದೆ. ಓದುವವರು ಬಿಡಿಸಿಕೊಳ್ಳಬೇಕು.

ಮನೆಯವರ ಪತ್ರವನ್ನು ಆ ಊರಿಗೆ ಹೋಗುವವರ ಕೈಯಲ್ಲಿ ಕೊಟ್ಟು ಕಳಿಸಬೇಕು. ನಮ್ಮ ಕಥೆಯಲ್ಲಿ ಅಕ್ಕ ನಗರದಲ್ಲಿ, ತಮ್ಮ ಮೈಸೂರಿನಲ್ಲಿ. ಅಡಿಕೆ ಹೇರಿಕೊಂಡು ಘಟ್ಟದಿಂದ ಬಯಲಿಗೆ ಬರುವ ಎತ್ತುಗಳ ಜೊತೆ ಓಲೆ ಬರುತ್ತದೆ. ನಗರದಿಂದ ಮೈಸೂರಿಗೆ ಸುಮಾರು 300 ಕಿಲೋಮೀಟರು. ದಿನಕ್ಕೆ 25 ಅಂತ ಇಟ್ಟುಕೊಂಡರೂ 12 ದಿನ. ಎತ್ತು ಅಷ್ಟು ನಡೆಯಲ್ಲ, ನಡುವೆ ಹೊಳೆ ಇದೆ, ಸಂತೆ ಇದೆ, ಹಾಗಾಗಿ ನಾವು 20 ದಿನ ಅಂತ ಇಟ್ಟುಕೊಂಡೆವು. ಮಳೆಗಾಲದಲ್ಲಿ 40. ಅಕ್ಕ ಕೇಳಿದ ಪ್ರಶ್ನೆಗೆ ತಮ್ಮನ ಉತ್ತರ ಬರುವ ಹೊತ್ತಿಗೆ ಎರಡು ಮೂರು ತಿಂಗಳು. ಅಷ್ಟರಲ್ಲಿ ಪ್ರಶ್ನೆ ಮಾಡಿದ ಅಕ್ಕನೇ ಬದಲಾಗಿರುತ್ತಾಳೆ. ಕಥೆ ಇರುವುದು ಪತ್ರದಲ್ಲಲ್ಲ, ಈ ನಡುವಿನ ದಿನಗಳಲ್ಲಿ. ನಾನು ಹೇಳಬೇಕಾದ ಮುಖ್ಯ ಮಾತು ಇದೊಂದೇ. ಉಳಿದ ಹಂತಗಳೆಲ್ಲ ಈ ಅಂತರವನ್ನು ಕಾಪಾಡಿಕೊಳ್ಳೋಕೆ.

4. ಬರೆಯೋಕೆ ಬರುತ್ತಾ ಅವರಿಗೆ?

1800ರಲ್ಲಿ ಹಳ್ಳಿಯ ಹೆಂಗಸು ಓಲೆ ಬರೆಯುತ್ತಾಳೆ ಅಂದರೆ ಕಾರಣ ಕೊಡಬೇಕು. ಅಸಾಧ್ಯ ಅಲ್ಲ. ಚಿಕ್ಕದೇವರಾಜರ ಅರಮನೆಯಲ್ಲೇ ಸಂಚಿ ಹೊನ್ನಮ್ಮ ಇದ್ದಳು, ಕಾವ್ಯ ಬರೆದಳು. ಆದರೂ ಅಪರೂಪ. ನಮ್ಮ ಅಕ್ಕ ಶಾನುಭೋಗರ ಮಗಳು, ಅಪ್ಪನ ಕಣ್ಣು ಮಂಜಾದ ಮೇಲೆ ಲೆಕ್ಕ ಬರೆದವಳು ಅವಳೇ. ಹೀಗೆ ಒಂದು ಸಾಲು ಸಾಕು.

ಅಥವಾ ಪಾತ್ರಕ್ಕೆ ಬರೆಯೋಕೆ ಬರಲ್ಲ ಅಂತಲೇ ಇಡಿ. ಆಗ ಹೇಳಿ ಬರೆಸಬೇಕು. ಹೇಳಿದ್ದು ಒಂದು, ಬರೆದವನು ಬರೆದದ್ದು ಇನ್ನೊಂದು. ಮೂರನೆಯವನೊಬ್ಬ ಪತ್ರದೊಳಗೇ ನುಸುಳಿಬಿಟ್ಟ. ಇದನ್ನು ನಾವು ಬಳಸಲಿಲ್ಲ, ಈಗ ಹೊಟ್ಟೆ ಉರಿಯುತ್ತೆ. ನೀವು ಬಳಸಿ.

ಒಕ್ಕಣೆ ಕಲಿಯಿರಿ. ನಮ್ಮ ಅಜ್ಜಂದಿರ ಪತ್ರಗಳಲ್ಲೂ ಅದು ಉಳಿದಿತ್ತು: ಅಪ್ಪನಿಗೆ ‘ತೀರ್ಥರೂಪು’, ಅಮ್ಮನಿಗೆ ‘ಮಾತೃಶ್ರೀ’, ಕಿರಿಯರಿಗೆ ‘ಚಿರಂಜೀವಿ’, ಆಮೇಲೆ ‘ಉಭಯ ಕುಶಲೋಪರಿ’. ತಮ್ಮ ಅಕ್ಕನಿಗೆ ‘ಮಾತೃಶ್ರೀ ಸಮಾನರಾದ ಅಕ್ಕನವರಿಗೆ’ ಅಂತ ಶುರು ಮಾಡುತ್ತಾನೆ. ಯಾವತ್ತೋ ಒಂದು ಪತ್ರದಲ್ಲಿ ಅದನ್ನು ಬಿಟ್ಟು ನೇರ ‘ಅಕ್ಕಾ’ ಅಂದರೆ ಓದುವವರ ಎದೆ ಧಸಕ್ ಅನ್ನಬೇಕು. ಅದಕ್ಕೇ ಮೊದಲ ಐದಾರು ಪತ್ರಗಳಲ್ಲಿ ಒಕ್ಕಣೆ ತಪ್ಪಬಾರದು.

ಆ ಕಾಲದ ನಿಜವಾದ ಪತ್ರಗಳನ್ನೂ ನೋಡಿ. ಶೃಂಗೇರಿ ಮಠದಲ್ಲಿ 1916ರಲ್ಲಿ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಅವರಿಗೆ ಸಿಕ್ಕ ಟಿಪ್ಪುವಿನ ಪತ್ರಗಳ ಕಟ್ಟು ಇದೆ, ಕನ್ನಡದಲ್ಲೇ ಬರೆದವು. ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ತಾಳೆಗರಿ, ಕಡತ ಕಣ್ಣಾರೆ ನೋಡಬಹುದು. ಆ ಭಾಷೆಯನ್ನೇ ಕಾಪಿ ಮಾಡೋಕೆ ಹೋಗಬೇಡಿ, ಯಾರೂ ಓದಲ್ಲ. ಎರಡನೇ ಸಲ ನಾವು ಸೋತಿದ್ದು ಹಾಗೆ ಹಳಗನ್ನಡದ ವಾಸನೆ ಹೊಡೆಯುವ ಪತ್ರ ಬರೆದು. ಶುರು ಮತ್ತು ಕೊನೆ ಹಳೇ ಒಕ್ಕಣೆ, ನಡುವೆ ಸರಳ ಕನ್ನಡ. ಅಷ್ಟು ಸಾಕು.

5. ಮಾಯೆ ಒಂದೇ ಇರಲಿ, ಅದು ದೂರವನ್ನು ತಿನ್ನಬಾರದು

ಹೊಸಬರು ಮೊದಲು ಮಾಡುವ ತಪ್ಪು: ಮಂತ್ರದ ಕನ್ನಡಿ, ಮಾತಾಡುವ ಗಿಳಿ, ಕ್ಷಣದಲ್ಲಿ ಸುದ್ದಿ ಮುಟ್ಟಿಸುವ ಏನೋ ಒಂದು. ಅದು ಬಂತೋ, ಪತ್ರ ಯಾಕೆ ಬರೀಬೇಕು? ಕಾದಂಬರಿ ಅಲ್ಲಿಗೆ ಮುಗಿಯಿತು.

ಮಾಯೆಯನ್ನು ಪತ್ರದ ಸಾಮಾನಿನಲ್ಲೇ ಹುಡುಕಿ. ನಮಗೆ ಸಿಕ್ಕಿದ್ದು ಕಡತ. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಕಪ್ಪು ಪುಸ್ತಕ. ಬಳಪದಲ್ಲಿ ಬರೆಯುವುದು. ವ್ಯಾಪಾರಿಗಳು, ಶಾನುಭೋಗರು ಲೆಕ್ಕ ಇಡುತ್ತಿದ್ದದ್ದು ಇದರಲ್ಲಿ. ಸ್ಲೇಟಿನ ಹಾಗೆ ಒರೆಸಬಹುದು, ಮತ್ತೆ ಬರೆಯಬಹುದು. ಒರೆಸಬಹುದು ಅಂದ ತಕ್ಷಣ ನಮಗೆ ಕಥೆ ಸಿಕ್ಕಿತು: ಅಪ್ಪನ ಹಳೇ ಕಡತದಲ್ಲಿ ಬರೆದು ಒರೆಸಿದ ಸಾಲು, ಓಲೆ ತಲುಪಿದವರ ಕೈಯಲ್ಲಿ ಮೂರನೇ ರಾತ್ರಿಗೆ ಮತ್ತೆ ಮೂಡುತ್ತದೆ. ಬರೆದವರಿಗೆ ಅದು ಗೊತ್ತಿಲ್ಲ.

ಇದಕ್ಕೆ ಬೆಲೆಯೂ ಇರಬೇಕು. ನಮ್ಮಲ್ಲಿ, ಮೂಡಿದ ಸಾಲು ಓದಿದವರಿಗೆ ತಮ್ಮದೇ ಒಂದು ನೆನಪು ಅಳಿಸುತ್ತದೆ. ಮೊದಲು ಸಣ್ಣದು, ಊಟಕ್ಕೆ ಏನಿತ್ತು ಅನ್ನೋ ಹಾಗೆ. ಆಮೇಲೆ ದೊಡ್ಡದು. ತಮ್ಮನ ಪತ್ರಗಳಲ್ಲಿ ಇದನ್ನು ಯಾರೂ ಹೇಳುವುದಿಲ್ಲ, ಅವನು ಎರಡು ಸಲ ಒಂದೇ ಪ್ರಶ್ನೆ ಕೇಳುತ್ತಾನೆ ಅಷ್ಟೇ.

ಬೇರೆ ಬೇಕಾ? ಕಳೆದ ವಸ್ತು ಹುಡುಕೋಕೆ ಅಂಜನ ಹಾಕಿ ನೋಡುವ ಪದ್ಧತಿ ನಮ್ಮಲ್ಲೇ ಇದೆ. ತಾಳೆಗರಿಯಲ್ಲಿ ಕಂಟದಿಂದ, ಅಂದರೆ ಚೂಪು ಕಬ್ಬಿಣದ ಲೇಖನಿಯಿಂದ, ಕೊರೆದ ಅಕ್ಷರ ಮಸಿ ತಿಕ್ಕುವ ತನಕ ಸರಿಯಾಗಿ ಕಾಣಿಸೋದೇ ಇಲ್ಲ. ಇವುಗಳಲ್ಲಿ ಒಂದನ್ನು ತಗೊಳ್ಳಿ. ಡ್ರ್ಯಾಗನ್ ಬೇಡ, ಪ್ಲೀಸ್.

6. ಮೊದಲ ಪತ್ರ

ಮೊದಲ ಪತ್ರದಲ್ಲಿ ಎಲ್ಲ ಹೇಳಿಬಿಡಬೇಕು ಅನ್ನೋ ಆತುರ ಎಲ್ಲರಿಗೂ ಇರುತ್ತದೆ. ನನ್ನ ಮೊದಲ ಪ್ರಯತ್ನ ಹೀಗಿತ್ತು:

‘ಪ್ರೀತಿಯ ತಮ್ಮ, ನಿನಗೆ ಗೊತ್ತಿರುವ ಹಾಗೆ ನಮ್ಮ ತಂದೆ ಶಾನುಭೋಗರಾಗಿದ್ದರು. ಕಳೆದ ವರ್ಷ ಶ್ರೀರಂಗಪಟ್ಟಣ ಬಿದ್ದ ಮೇಲೆ ನೀನು ಮೈಸೂರಿಗೆ ಹೋಗಿ ಅರಮನೆ ಕಟ್ಟುವ ಕೆಲಸದಲ್ಲಿ ಲೆಕ್ಕ ಬರೆಯುತ್ತಿದ್ದೀಯ…’

ತಮ್ಮನಿಗೆ ಇದೆಲ್ಲ ಗೊತ್ತು. ‘ನಿನಗೆ ಗೊತ್ತಿರುವ ಹಾಗೆ’ ಅಂತ ಬಂದರೆ ಅಲ್ಲೇ ಗೆರೆ ಹೊಡೆಯಿರಿ. ಪತ್ರ ಬರೆಯೋದು ಅವನಿಗೆ, ಓದುಗರಿಗಲ್ಲ. ಓದುಗರು ಕಿಟಕಿಯಲ್ಲಿ ಇಣುಕುವವರು. ಈಗ ಇದನ್ನು ನೋಡಿ:

‘ಚಿರಂಜೀವಿ ವೆಂಕಟನಿಗೆ ನಗರದಿಂದ ನಿನ್ನ ಅಕ್ಕ ಮಾಡುವ ಆಶೀರ್ವಾದ. ರೌದ್ರಿ ಸಂವತ್ಸರದ ಜ್ಯೇಷ್ಠ ಶುದ್ಧ ಪಂಚಮಿವರೆಗೆ ಇತ್ತ ಎಲ್ಲರೂ ಕ್ಷೇಮ. ಅತ್ತ ನಿನ್ನ ಕ್ಷೇಮಕ್ಕೆ ಬರೆಸುವುದು. ಕಾಗದ ಮುಗಿದಿದೆ, ಅಪ್ಪನ ಕಡತದಲ್ಲಿ ಎರಡು ಮಡಿಕೆ ಹರಿದಿದ್ದೇನೆ, ಬೈಯಬೇಡ. ಪೇಟೆಯಲ್ಲಿ ಮಧ್ಯಾಹ್ನಕ್ಕೇ ಬಾಗಿಲು ಹಾಕುತ್ತಾರೆ. ಯಾಕೆಂದು ಬರೆಯುವುದಿಲ್ಲ, ಈ ಓಲೆ ಯಾರ ಕೈ ಹಾದು ಬರುತ್ತದೋ. ಮಳೆ ಇನ್ನೂ ಹಿಡಿದಿಲ್ಲ. ಹಿಡಿಯುವ ಮೊದಲು ಎತ್ತುಗಳು ಘಟ್ಟ ಇಳಿಯುತ್ತವೆ, ಹಾಗಾಗಿ ಬೇಗ ಮುಗಿಸುತ್ತೇನೆ. ನೀನು ಕೇಳಿದ ಪೆಟ್ಟಿಗೆ ಅಟ್ಟದ ಮೇಲೇ ಇದೆ. ನಾನು ತೆರೆದಿಲ್ಲ.’

ಇದರ ಕೆಳಗೆ, ಮೂರನೇ ರಾತ್ರಿ ತಮ್ಮನ ಕೈಯಲ್ಲಿ ಮೂಡಿದ ಸಾಲು:

‘ತೆರೆದೆ. ಖಾಲಿ ಇತ್ತು. ಆದರೆ ಇಳಿಸುವಾಗ ಭಾರ ಇತ್ತು ವೆಂಕಟ.’

ಅಪ್ಪ ಶಾನುಭೋಗರು ಅಂತ ಎಲ್ಲೂ ಹೇಳಿಲ್ಲ, ಕಡತ ಹೇಳಿತು. ತಮ್ಮ ಏನು ಕೆಲಸ ಮಾಡುತ್ತಾನೆ ಅನ್ನೋದು ಅವನ ಉತ್ತರದಲ್ಲಿ ಬಂದರಾಯಿತು. ಆ ಪೆಟ್ಟಿಗೆಯಲ್ಲಿ ಏನಿತ್ತು ಅಂತ ಬರೆದಾಗ ನನಗೂ ಗೊತ್ತಿರಲಿಲ್ಲ. ಗೆಳತಿಯ ಉತ್ತರಕ್ಕೆ ಹತ್ತು ದಿನ ಕಾದೆ.

7. ಕಾಲ ತಪ್ಪದಿರಲಿ

ಇಲ್ಲಿ ಸ್ವಲ್ಪ ಪುಸ್ತಕದ ಹುಳ ಆಗಬೇಕು. ಫ್ರಾನ್ಸಿಸ್ ಬುಕಾನನ್ ಅನ್ನುವವನು 1800 ಮತ್ತು 1801ರಲ್ಲಿ ಮೈಸೂರು, ಕೆನರಾ (ಕರಾವಳಿ), ಮಲಬಾರ್ ಸೀಮೆಗಳನ್ನು ಸುತ್ತಿ, ಬೆಳೆ, ಮಗ್ಗ, ಸಂತೆ, ಜಾತಿ, ದರ ಎಲ್ಲ ಬರೆದಿಟ್ಟಿದ್ದಾನೆ. 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು, ಈಗ ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ನಗರದ ಕಡೆಗೂ ಹೋಗಿದ್ದ. ಅವನು ಈಸ್ಟ್ ಇಂಡಿಯಾ ಕಂಪನಿಯ ಮನುಷ್ಯ, ಅವನ ಕಣ್ಣಿಗೆ ಬಿದ್ದದ್ದು ಅವನು ಬರೆದ. ಅದನ್ನು ನೆನಪಿಟ್ಟುಕೊಂಡು ಓದಿ.

ನಾವು ಎಡವಿದ ಕೆಲವು ಜಾಗ ಹೇಳುತ್ತೇನೆ. ಅಕ್ಕನ ಕೈಯಲ್ಲಿ ಬೆಂಕಿಕಡ್ಡಿ ಗೀರಿಸಿದ್ದೆ, ಅದು ಹುಟ್ಟಿದ್ದೇ 1820ರ ದಶಕದಲ್ಲಿ. ಸೀಮೆಎಣ್ಣೆ ದೀಪ ಇನ್ನೂ ಆಮೇಲಿನದು. ‘ಐದು ನಿಮಿಷ’ ಅನ್ನಬೇಡಿ, ಗಳಿಗೆ ಅನ್ನಿ, ಜಾವ ಅನ್ನಿ. ಒಂದು ಗಳಿಗೆ ಅಂದರೆ 24 ನಿಮಿಷ. ದುಡ್ಡು ವರಹ, ಹಣ ಅನ್ನೋ ನಾಣ್ಯಗಳಲ್ಲಿ. ಮಳೆಗೆ ಗೊರಬು, ಅಂದರೆ ಎಲೆ ಹೆಣೆದ ಹೊದಿಕೆ. ಮೆಣಸಿನಕಾಯಿ ಆಗಲೇ ಇತ್ತು, ಹೆದರದೆ ಹಾಕಿ. ಗೆಳತಿ ಒಂದು ಪತ್ರದಲ್ಲಿ ಮೈಸೂರು ಅರಮನೆಯ ಗುಮ್ಮಟ ಹೊಳೆಯುತ್ತಿದೆ ಅಂತ ಬರೆದಿದ್ದಳು! ಈಗಿನ ಅರಮನೆ 1897ರಲ್ಲಿ ಹಳೆಯದು ಸುಟ್ಟ ಮೇಲೆ ಕಟ್ಟಿದ್ದು. 1800ರಲ್ಲಿ ಅಲ್ಲಿ ಕಲ್ಲು, ಮರ, ಧೂಳು, ಕೂಲಿಯವರು.

ಪಂಚಾಂಗವೂ ಮುಖ್ಯ. 1799–1800 ಸಿದ್ಧಾರ್ಥಿ, ಅದರ ಮುಂದಿನದು ರೌದ್ರಿ. ಸಂವತ್ಸರದ ಲೆಕ್ಕ ಸುಲಭ, 60 ವರ್ಷಕ್ಕೊಮ್ಮೆ ಅದೇ ಹೆಸರು ಬರುತ್ತದೆ. 1987ರಲ್ಲಿ ಪ್ರಭವ ಇತ್ತು, ಅಲ್ಲಿಂದ ಹಿಂದಕ್ಕೆ ಎಣಿಸಿ. ತಿಥಿ ಗೊತ್ತಾದರೆ ಚಂದ್ರನೂ ಗೊತ್ತಾಗುತ್ತಾನೆ. ಶ್ರೀರಂಗಪಟ್ಟಣ ಬಿದ್ದದ್ದು ಚೈತ್ರದ ಕೊನೆಗೆ, ಅಮಾವಾಸ್ಯೆಯ ಆಸುಪಾಸು. ಆ ರಾತ್ರಿ ಬೆಳದಿಂಗಳಲ್ಲಿ ಯಾರೋ ಓಡಿದರು ಅಂತ ಬರೆದರೆ ಕೆಟ್ಟಿತು.

8. ಗೋಡೆಗೊಂದು ಲೆಕ್ಕದ ಹಾಳೆ

ಒಂದು ದೊಡ್ಡ ಹಾಳೆಯಲ್ಲಿ ನಾಲ್ಕು ಕಂಬ ಎಳೆಯಿರಿ: ಪತ್ರ ಸಂಖ್ಯೆ, ಬರೆದ ದಿನ, ತಲುಪಿದ ದಿನ, ಬರೆಯುವಾಗ ಅವರಿಗೆ ಏನು ಗೊತ್ತಿರಲಿಲ್ಲ. ಕೊನೆಯ ಕಂಬವೇ ಚಿನ್ನ. ಅಕ್ಕ ‘ಬಾ’ ಅಂತ ಬರೆದ ದಿನವೇ ತಮ್ಮ ‘ನೀನೇ ಇಲ್ಲಿಗೆ ಬಂದುಬಿಡು’ ಅಂತ ಬರೆದರೆ? ಎರಡು ಓಲೆ ದಾರಿಯಲ್ಲಿ ಒಂದನ್ನೊಂದು ದಾಟುತ್ತವೆ. ಇಬ್ಬರೂ ಹೊರಡುತ್ತಾರೆ. ಇದನ್ನು ನಾವು ಪ್ಲಾನ್ ಮಾಡಿದ್ದಲ್ಲ, ಹಾಳೆಯಲ್ಲಿ ದಿನ ತುಂಬುವಾಗ ತಾನಾಗಿ ಸಿಕ್ಕಿತು.

ಒಂದಾದರೂ ಪತ್ರ ಕಳೆದುಹೋಗಲಿ. ಸಂಖ್ಯೆ 9 ಆದ ಮೇಲೆ 11 ಬರಲಿ. ಓದುಗರು 10ನ್ನು ತಾವೇ ಬರೆದುಕೊಳ್ಳುತ್ತಾರೆ. ನಮ್ಮದಂತೂ ನಿಜವಾಗಿಯೂ ಕಳೆದಿತ್ತು. ಗೆಳತಿ ಸುಮ್ನೆ ಮಜಾಕ್ಕೆ ಅಂತ ಅಂಚೆಯಲ್ಲಿ ಹಾಕಿದ್ದಳು, ಬರಲೇ ಇಲ್ಲ. ಅವಳು ಮತ್ತೆ ಬರೆಯುತ್ತೇನೆ ಅಂದಳು, ನಾನು ಬೇಡ ಅಂದೆ. ಅದರಲ್ಲಿ ಏನಿತ್ತು ಅಂತ ಇವತ್ತಿಗೂ ನನಗೆ ಹೇಳಿಲ್ಲ.

9. ತಿದ್ದುವಾಗ

ಮೂವತ್ತು ಪತ್ರ ಆದ ಮೇಲೆ, ಆಗ ಮಾತ್ರ, ಇಬ್ಬರೂ ಒಟ್ಟಿಗೆ ಕೂತು ಓದಿ. ಜೋರಾಗಿ ಓದಿ. ಯಾರ ಪತ್ರ ಅಂತ ಹೆಸರು ಮುಚ್ಚಿದರೂ ಗೊತ್ತಾಗಬೇಕು. ಗೊತ್ತಾಗದಿದ್ದರೆ ಒಬ್ಬರಿಗೆ ಒಂದು ಚಟ ಕೊಡಿ. ನಮ್ಮ ತಮ್ಮ ಏನು ಹೇಳಿದರೂ ಎಣಿಸಿ ಹೇಳುತ್ತಾನೆ, ಕಲ್ಲು ಎಷ್ಟು, ಕೂಲಿ ಎಷ್ಟು, ಕಾಗೆ ಎಷ್ಟು. ಅವನ ನೆನಪು ಹೋಗುತ್ತಿದೆ ಅನ್ನೋದು ಲೆಕ್ಕ ತಪ್ಪಿದಾಗ ಗೊತ್ತಾಗುತ್ತದೆ.

ಪತ್ರದಲ್ಲಿ ಉದ್ದದ ಸಂಭಾಷಣೆ ಇದ್ದರೆ ಕತ್ತರಿಸಿ. ಯಾರೂ ಓಲೆಯಲ್ಲಿ ‘ಅವನು ಹೀಗೆಂದ, ನಾನು ಹಾಗೆಂದೆ’ ಅಂತ ಎರಡು ಪುಟ ಬರೆಯಲ್ಲ, ಅದರಲ್ಲೂ ಕಾಗದ ಮುಗಿದಾಗ. ಕತ್ತಿ ಹಿಡಿದವನು ಬಾಗಿಲಲ್ಲಿ ನಿಂತಿರುವಾಗ ‘ಅಗೋ ಬಂದ’ ಅಂತ ಬರೆಯುತ್ತಾ ಕೂರುವವರೂ ಇಲ್ಲ. ದೊಡ್ಡ ಘಟನೆ ಆಗಿ ಎರಡು ದಿನ ಕಳೆದ ಮೇಲೆ ಬರೆದ ಹಾಗಿರಲಿ. ಕೈ ಇನ್ನೂ ನಡುಗುತ್ತಿರಬಹುದು, ಆದರೆ ಮುಗಿದಿರಬೇಕು.

ಕೊನೆಯ ಪತ್ರ ಬರೆಯುವ ಸರದಿ ಯಾರದು ಅಂತ ಚೀಟಿ ಎತ್ತಿ ನಿರ್ಧಾರ ಮಾಡಿ. ನಮ್ಮಲ್ಲಿ ಅದು ನನಗೆ ಬಂತು. ಅಕ್ಕನ ಓಲೆ, ತಮ್ಮ ಮೈಸೂರು ಬಿಟ್ಟು ಹೊರಟ ಮೇಲೆ ಅಲ್ಲಿಗೆ ತಲುಪುವಂಥದ್ದು. ಅದನ್ನು ಕಡತದಲ್ಲಿ ಬರೆಸಬೇಕೋ, ಕಾಗದದಲ್ಲೋ ಅಂತ ಒಂದು ವಾರದಿಂದ ಕೂತಿದ್ದೇನೆ.